ತೊಂಬತ್ತು ಸಹಿಗಳ ಬೇಸಿಗೆ ಶಿಬಿರ

ನೈರೋಬಿಯ ಕಿಲೆಲೆಶ್ವಾ ಬಡಾವಣೆಯಲ್ಲಿ ಯಾವ ಫ್ಲ್ಯಾಟಿಗೆ ಹೋದರೂ ಗೇಟಿನಲ್ಲಿ ಒಂದು ರಿಜಿಸ್ಟರ್ ಕಾದಿರುತ್ತದೆ. ಹೆಸರು, ಕಾರಿನ ನಂಬರು, ಯಾರ ಮನೆಗೆ, ಬಂದ ಹೊತ್ತು, ಕೊನೆಗೆ ಸಹಿ. ಪೆನ್ನನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿರುತ್ತಾರೆ. ಆ ಪುಸ್ತಕವನ್ನು ಯಾರೂ ಯಾವತ್ತೂ ಓದುವುದಿಲ್ಲ. ಆದರೂ ತುಂಬಿದ ಕೂಡಲೇ ಹೊಸದು ಬರುತ್ತದೆ. ಒಬ್ಬನೇ ಒಬ್ಬ ಓದುಗನಿಲ್ಲದೆ ಇಷ್ಟು ವರ್ಷ ನಡೆದ ಇನ್ನೊಂದು ಪ್ರಕಟಣೆಯನ್ನು ನಾನು ಕಂಡಿಲ್ಲ. ಪತ್ರಿಕೆಯಲ್ಲಿ ಹನ್ನೊಂದು ವರ್ಷ ದುಡಿದವಳಾಗಿ ಈ ಮಾತು ಹೇಳುತ್ತಿದ್ದೇನೆ.

ಹೋದ ಭಾನುವಾರ ನಮ್ಮವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆಂದು ಅಂಥದೊಂದು ಗೇಟಿನ ಮುಂದೆ ನಮ್ಮ ಕಾರು ನಿಂತಿತು. ಸ್ಟೀರಿಂಗಿನಲ್ಲಿ ನನ್ನ ಗಂಡ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಪ್ರಹ್ಲಾದ ರಾಯರು ಮತ್ತು ಅವರ ಹೆಂಡತಿ. ಈಗ ಹೊಸ ನಿಯಮ ಬಂದಿದೆ, ಕಾರಿನಲ್ಲಿರುವ ಎಲ್ಲರೂ ಸಹಿ ಹಾಕಬೇಕು ಎಂದು ಗೇಟು ಕಾಯುವ ಆಸ್ಕರಿ ಹೇಳಿದ. ನಾನು ಇಳಿದೆ. ರಾಯರು ಇಳಿಯಲಿಲ್ಲ, ಗಾಜು ಇಳಿಸಿದರು.

"ಮೇಡಂ, ನಂದೂ ನೀವೇ ಹಾಕ್ಬಿಡಿ. ನಿಮ್ಗೆ ಪ್ರಾಕ್ಟೀಸ್ ಇದೆಯಲ್ಲ!"

ಕಾರಿನಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡ ಸ್ಟೀರಿಂಗ್ ತಟ್ಟಿ ನಕ್ಕರು. ಪೆನ್ನು ನನ್ನ ಕೈಯಲ್ಲಿತ್ತು, ಆಸ್ಕರಿ ಕಾಯುತ್ತಿದ್ದ. ಅವನು ಸ್ವಲ್ಪ ಕಾಯಲಿ. ಆ ಪ್ರಾಕ್ಟೀಸು ಎಲ್ಲಿಯದೆಂದು ನಿಮಗೆ ಮೊದಲು ಹೇಳಬೇಕು.

ಎರಡು ಸಾವಿರದ ದಶಕದ ನಡುವಿನ ಮಾತು. ನೈರೋಬಿಯಲ್ಲಿ ನಮ್ಮವರು ಕೆಲಸ ಮಾಡುವ ಔಷಧಿ ಕಾರ್ಖಾನೆಗಳು ಚೀನಾದಿಂದ ಯಂತ್ರ ತರಿಸಲು ಶುರುಮಾಡಿದ್ದ ಕಾಲ. ಯಂತ್ರದ ಜೊತೆ ದಪ್ಪನೆಯ ಕೈಪಿಡಿ ಬರುತ್ತಿತ್ತು. ಅದರಲ್ಲಿ ಎಂಜಿನಿಯರುಗಳಿಗೆ ಅರ್ಥವಾಗುತ್ತಿದ್ದದ್ದು ಪುಟಸಂಖ್ಯೆ ಮಾತ್ರ. ನನ್ನ ಗಂಡನ ಕಾರ್ಖಾನೆಯ ಎಂಡಿ ಒಂದು ದಿನ ತಾಳ್ಮೆಗೆಟ್ಟು, ನಾಲ್ಕು ಜನ ಹೋಗಿ ಚೀನೀ ಭಾಷೆ ಕಲಿತು ಬನ್ನಿ ಎಂದು ಅಪ್ಪಣೆ ಮಾಡಿದರು. ಯಂತ್ರಗಳ ರಿಪೇರಿ ನೋಡುವ ಪ್ರಹ್ಲಾದ ರಾಯರು, ಉತ್ಪಾದನೆ ನೋಡುವ ನಾಗರಾಜ್, ಖರೀದಿ ನೋಡುವ ಶೆಟ್ಟರು, ಗುಣಮಟ್ಟ ನೋಡುವ ನನ್ನ ಗಂಡ. ನನ್ನ ಗಂಡನಿಗೆ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಪುರುಸೊತ್ತಿನ ರಾಶಿಯೇ ಕುಳಿತಿತ್ತು. ಮೈಸೂರಿನ ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದವಳು ಡಿಪೆಂಡೆಂಟ್ ಪಾಸ್ ಎಂಬ ಕಾಗದದ ಮೇಲೆ ಇಲ್ಲಿಗೆ ಬಂದಿದ್ದೆ. ಆ ಕಾಗದದ ಪ್ರಕಾರ ನಾನು ಉಣ್ಣಬಹುದಿತ್ತು, ತಿರುಗಬಹುದಿತ್ತು, ಕೆಲಸ ಮಾಡುವಂತಿರಲಿಲ್ಲ. ಗಂಡ ತಮ್ಮ ಹೆಸರು ತೆಗೆಸಿ ನನ್ನದನ್ನು ಹಾಕಿಸಿದರು. ಈ ಕಥೆಯ ಮೊದಲ ಪ್ರಾಕ್ಸಿ ನಾನೇ.

ರಿವರ್‌ಸೈಡಿನಲ್ಲಿ, ರಾಯಭಾರ ಕಚೇರಿಗಳ ಎತ್ತರದ ಕಾಂಪೌಂಡುಗಳ ನಡುವೆ ಒಂದು ಬಂಗಲೆಯಲ್ಲಿ ಆ ಭಾಷಾ ಕೇಂದ್ರವಿತ್ತು. ಬಾಗಿಲಿಗೆ ಕೆಂಪು ಬಟ್ಟೆಯ ಬ್ಯಾನರು: ಅಂತಾರಾಷ್ಟ್ರೀಯ ಬೇಸಿಗೆ ಶಿಬಿರ. ಶಿಬಿರ ನಡೆದದ್ದು ಜುಲೈ, ಆಗಸ್ಟಿನಲ್ಲಿ. ನೈರೋಬಿಯಲ್ಲಿ ಇದ್ದವರಿಗೆ ಗೊತ್ತು, ಜುಲೈ ಎಂದರೆ ಇಲ್ಲಿ ಸೂರ್ಯ ರಜೆ ಹಾಕುವ ತಿಂಗಳು. ಬೂದುಬಣ್ಣದ ಮೋಡ ಛಾವಣಿಯ ಮೇಲೆ ಕುಳಿತಿರುತ್ತದೆ, ಕಚೇರಿಗಳಲ್ಲಿ ಜನ ಕೋಟು ಬಿಚ್ಚುವುದಿಲ್ಲ. ಉದ್ಘಾಟನೆಯ ದಿನ ನಿರ್ದೇಶಕರು ಮಫ್ಲರ್ ಸುತ್ತಿಕೊಂಡು ನಿಂತು, "ಈ ಸುಂದರ ಬೇಸಿಗೆಯಲ್ಲಿ..." ಎಂದು ಭಾಷಣ ಆರಂಭಿಸಿದರು. ನಲವತ್ತು ಜನ ಸ್ವೆಟರಿನೊಳಗೆ ಕೈ ಸೇರಿಸಿಕೊಂಡು ಚಪ್ಪಾಳೆ ಹೊಡೆದೆವು. ಭಾಷಣ ಎಲ್ಲಿಂದಲೋ ಅಚ್ಚಾಗಿ ಬಂದಿತ್ತು. ಅಚ್ಚಾದದ್ದನ್ನು ತಿದ್ದುವ ಅಭ್ಯಾಸ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೆಸರು ನೋಂದಾಯಿಸುವಾಗ ಎರಡು ಕಾಲಂ ಇದ್ದವು: ಸ್ಥಳೀಯ ವಿದ್ಯಾರ್ಥಿ, ವಿದೇಶಿ ವಿದ್ಯಾರ್ಥಿ. ಕೆನ್ಯಾದವರೆಲ್ಲ ಮೊದಲನೆಯದರಲ್ಲಿ, ನಾವು ನಾಲ್ವರು ಎರಡನೆಯದರಲ್ಲಿ. ಶಿಬಿರ ಅಂತಾರಾಷ್ಟ್ರೀಯ ಎನಿಸಿಕೊಳ್ಳಲು ಕನಿಷ್ಠ ನಾಲ್ವರು ವಿದೇಶಿಯರು ಬೇಕಂತೆ; ಹಾಗಾಗಿ ಆ ಕೆಂಪು ಬ್ಯಾನರು ನಿಂತದ್ದೇ ನಮ್ಮ ನಾಲ್ವರ ಹೆಗಲ ಮೇಲೆ. ನಮಗೆ ಮುಂದಿನ ಸಾಲಿನ ಕುರ್ಚಿ. ಫೋಟೊ ತೆಗೆಯುವಾಗ, "ವಿದೇಶಿಯರು ಮುಂದೆ ಬನ್ನಿ, ಸ್ಥಳೀಯರು ಹಿಂದೆ." ಫೋಟೊ ದಿನಕ್ಕೆ ಎರಡು ಸಲವಾದರೂ ಆಗುತ್ತಿತ್ತು. ಕುಂಚ ಹಿಡಿದರೆ ಫೋಟೊ, ಕಾಗದ ಕತ್ತರಿಸಿದರೆ ಫೋಟೊ, ಬಿಸಿನೀರು ಕುಡಿದರೆ ಫೋಟೊ. ಬೀಸಣಿಗೆ ಹಿಡಿದು ಕುಣಿಯುವ ಪಾಠವೂ ಇತ್ತು. ಹದಿಮೂರು ಡಿಗ್ರಿ ಚಳಿಯಲ್ಲಿ ಬೀಸಣಿಗೆ ಬೀಸುತ್ತ ನಿಂತ ನನ್ನ ಚಿತ್ರ ಯಾವುದೋ ದೇಶದ ಯಾವುದೋ ವರದಿಯಲ್ಲಿ ಈಗಲೂ ಇರಬೇಕು.

ದಿನಚರಿ ಹೀಗಿತ್ತು. ಬೆಳಗ್ಗೆ ಎಂಟೂವರೆಗೆ ತರಗತಿ. ಎಂಟು ಇಪ್ಪತ್ತಕ್ಕೆ ಲಿನ್ ಟೀಚರ್ ಮೇಜಿನ ಮೇಲೆ ಹಾಜರಿ ಪುಸ್ತಕ ಇಡುವರು. ನಾವೇ ಹೋಗಿ ನಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ಎಂಟು ನಲವತ್ತಕ್ಕೆ ಪುಸ್ತಕ ಮುಚ್ಚಿ ಕಚೇರಿಗೆ ಹೋಗುವುದು. ಆಮೇಲೆ ಬಂದವರ ಹೆಸರಿಗೆ ಕೆಂಪು ಸುತ್ತು, ಅರ್ಧ ಹಾಜರಿ. ಹತ್ತೂವರೆಯ ತನಕ ಟೇಪಿನಲ್ಲಿ ಒಬ್ಬಳು ಹೇಳಿದ್ದನ್ನು ನಲವತ್ತು ಗಂಟಲು ಒಟ್ಟಿಗೆ ಕೂಗುವುದು. ಆಮೇಲೆ ಬಿಳೀ ಬನ್ನು, ಅದೂ ಹಬೆಯಲ್ಲಿ ಬೇಯಿಸಿದ್ದು, ಒಳಗೆ ಏನೂ ಇಲ್ಲದ್ದು. ಕುಡಿಯಲು ಫ್ಲಾಸ್ಕಿನ ಬಿಸಿನೀರು. ಬರೀ ನೀರು. ಚಹಾ ಇಲ್ಲದ ಹತ್ತೂವರೆಯನ್ನು ಕೆನ್ಯಾದವರೂ ಕ್ಷಮಿಸುವುದಿಲ್ಲ, ಮೈಸೂರಿನವರೂ ಕ್ಷಮಿಸುವುದಿಲ್ಲ. ಆ ಶಿಬಿರದಲ್ಲಿ ನಿಜಕ್ಕೂ ಅಂತಾರಾಷ್ಟ್ರೀಯವಾದದ್ದು ಏನಾದರೂ ಇದ್ದರೆ ಅದು ಈ ಸಿಟ್ಟು. ಮಧ್ಯಾಹ್ನ ಸಂಸ್ಕೃತಿ ಪಾಠ, ಅಂದರೆ ಬೀಸಣಿಗೆ. ಮೂರಕ್ಕೆ ಮುಕ್ತಾಯ.

ಲಿನ್ ಟೀಚರಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಮೊದಲ ಬಾರಿಗೆ ದೇಶ ಬಿಟ್ಟು ಬಂದ ಹುಡುಗಿ. ನೈರೋಬಿಗೆ ಬಂದು ಆರು ವಾರ ಆಗಿರಲಿಲ್ಲ, ಹುಟ್ಟಾ ನೈರೋಬಿಯವರನ್ನು 'ಸ್ಥಳೀಯ' ಎಂದು ಕರೆದು ಹಿಂದಿನ ಸಾಲಿಗೆ ಕಳಿಸುವುದನ್ನು ಎಷ್ಟು ಬೇಗ ಕಲಿತಿದ್ದರು! ಆಮೇಲೆ ಹೊಳೆಯಿತು, ನಮ್ಮವರು ಇಲ್ಲಿ ಮೂರು ತಲೆಮಾರಿನಿಂದ ಅದನ್ನೇ ಮಾಡುತ್ತಿದ್ದಾರೆ, ಹೊಸಬಳನ್ನು ದೂರುವುದೇನು?

ಹಿಂದಿನ ಸಾಲಿನಲ್ಲಿ, ನನ್ನ ಬೆನ್ನಿಗೇ ಕೂರುತ್ತಿದ್ದವಳು ಪೆನೀನಾ. ನ್ಗಾರಾದ ಒಂದು ಸಗಟು ಅಂಗಡಿಯಲ್ಲಿ ಕೆಲಸ. ಶೇಠ್‌ಜಿಯ ಅಂಗಡಿ, ಪಿಂಗಾಣಿ, ದೀಪ, ಫ್ಲಾಸ್ಕು, ಎಲ್ಲ ಚೀನಾದ ಮಾಲು. ಮೊದಲ ವಾರ ಬನ್ನು ಮುರಿಯುತ್ತ ಅವಳು ತನ್ನ ಕಥೆ ಹೇಳಿದ್ದಳು. ಅವಳು ಮಾತಾಡುತ್ತಿದ್ದದ್ದು ಇಂಗ್ಲಿಷು, ನಡುನಡುವೆ ಸ್ವಾಹಿಲಿ; ನನ್ನನ್ನು ಕರೆಯುತ್ತಿದ್ದದ್ದು ಇಲ್ಲಿಯವರ ಹಾಗೆ 'ಮಾಮಾ', ಅಂದರೆ ಅಮ್ಮ.

"ಏಳು ವರ್ಷದಿಂದ ಆ ಪೆಟ್ಟಿಗೆಗಳ ಮೇಲಿನ ಬರಹ ನೋಡ್ತಾ ಇದ್ದೇನೆ, ಮಾಮಾ. ಪೆಟ್ಟಿಗೆ ಓದಿ ಏನು ಮಾಡಲಿ? ಪೆಟ್ಟಿಗೆ ಕಳಿಸುವವನ ಜೊತೆ ಮಾತಾಡಬೇಕು ನನಗೆ."

ಅದಕ್ಕೆ ದಾರಿ ಆ ಬ್ಯಾನರಿನ ಕೆಳಗೇ ಅಂಟಿಸಿದ ಒಂದು ಪ್ರಕಟಣೆಯಲ್ಲಿತ್ತು. ಶಿಬಿರದ ಕೊನೆಯಲ್ಲಿ ಅಂಕಪಟ್ಟಿ ಹಾಕುತ್ತಾರೆ, ಹಾಜರಿಗೆ ಅರವತ್ತು, ಪರೀಕ್ಷೆಗೆ ನಲವತ್ತು. ಮೊದಲು ಬಂದವರಿಗೆ ಚೀನಾದಲ್ಲಿ ಒಂದು ವರ್ಷದ ಓದು, ಊಟ ವಸತಿ ಸಮೇತ. ಒಂದೇ ಸೀಟು. ಪೆನೀನಾ ಆ ಪ್ರಕಟಣೆಯನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ನಾನೂ ಓದಿದ್ದೆ. ಅದರಲ್ಲಿ ಎರಡು ಅಕ್ಷರತಪ್ಪು ಇದ್ದದ್ದು ನನಗೆ ನೆನಪು.

ಇನ್ನು ನಮ್ಮ ಮೂವರು ಗಂಡಸರ ವಿಷಯ. ಉದ್ಘಾಟನೆಗೆ ಟೈ ಕಟ್ಟಿಕೊಂಡು ಬಂದರು, ಮುಂದಿನ ಸಾಲಿನಲ್ಲಿ ಕುಳಿತು ಫೋಟೊ ತೆಗೆಸಿಕೊಂಡರು. ಸೋಮವಾರ ಪಾಠ ಶುರುವಾಗುವ ಹೊತ್ತಿಗೆ ಮೂವರೂ ಇಲ್ಲ. ರಾಯರ ಫೋನು ಬಂತು.

"ಮೇಡಂ, ಒಂದ್ ಸಣ್ ಹೆಲ್ಪು. ಇಲ್ಲಿ ಮಷೀನ್ ಕೈಕೊಟ್ಟಿದೆ. ನಮ್ ಮೂರ್ ಜನದ್ದು ಪ್ರಾಕ್ಸಿ ಹಾಕ್ಬಿಡಿ."

"ಪ್ರಾಕ್ಸಿ ಅಂದ್ರೆ ಸಹಿನೇ ಹಾಕ್ಬೇಕು ರಾಯರೇ, ಇಲ್ಲಿ ಹೆಸರು ಕೂಗಲ್ಲ."

"ಅದಕ್ಕೇನು? ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ನಮ್ ರೂಮ್‌ಮೇಟ್ ಹಾಕಿದ್ದ. ಅವ್ನ್ ಹಾಕ್ದಿದ್ರೆ ನಾನ್ ಎಂಜಿನಿಯರೇ ಆಗ್ತಿರ್ಲಿಲ್ಲ!"

ಆ ಕೊನೆಯ ಮಾತಿನಲ್ಲಿ ಅವರ ಯಂತ್ರಗಳ ಸ್ಥಿತಿಗೆ ವಿವರಣೆ ಇತ್ತು, ಇರಲಿ. ನಮ್ಮ ಕಡೆಯ ಕಾಲೇಜುಗಳಲ್ಲಿ ಓದಿದವರಿಗೆ ಪ್ರಾಕ್ಸಿ ಅಪರಾಧವಲ್ಲ, ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ, ಒಂದು ಸೌಜನ್ಯ. ಇಲ್ಲ ಎಂದರೆ ನಾವೇ ಕೆಟ್ಟವರು. ಮೇಲಾಗಿ ವಾರಾಂತ್ಯಕ್ಕೆ ಇವರ ಹೆಂಡತಿಯರ ಮನೆಯಲ್ಲೇ ಭಜನೆ, ಇವರ ಕಾರಿನಲ್ಲೇ ತರಕಾರಿಗೆ ಹೋಗುವುದು. ನಾನು ಹಾಕಿದೆ.

ಹಾಕಿದೆ ಎಂದರೆ ಹೇಗೆಂದುಕೊಂಡಿರಿ? ಉಪಸಂಪಾದಕಿ ಹಾಕಿದ ಹಾಗೆ ಹಾಕಿದೆ. ಹನ್ನೊಂದು ವರ್ಷ ಊರಿಂದೂರಿಗೆ ಬದಲಾಗುವ ವರದಿಗಾರರ ಕೈಬರಹ ಓದಿದವಳು ನಾನು. ಯಾವ ಮನುಷ್ಯ ಹೇಗೆ ಬರೆಯುತ್ತಾನೆಂದು ಮುಖ ನೋಡಿ ಹೇಳಬಲ್ಲೆ ಎಂಬ ಜಂಬ. ರಾಯರಿಗೆ ಕಪ್ಪು ಪೆನ್ನಿನಲ್ಲಿ ದೊಡ್ಡದೊಂದು ಇಂಗ್ಲಿಷ್ 'ಪಿ', ಅದಕ್ಕೊಂದು ಬಾಲ. ನಾಗರಾಜರಿಗೆ ನೀಲಿಯಲ್ಲಿ ಒತ್ತೊತ್ತಾಗಿ ಪೂರ್ತಿ ಹೆಸರು, ಏಕೆಂದರೆ ಅವರು ಎಲ್ಲವನ್ನೂ ಎರಡು ಸಲ ಹೇಳುವ ಮನುಷ್ಯ. ಶೆಟ್ಟರಿಗೆ ನೀಲಿಯಲ್ಲೇ, ಎಡಕ್ಕೆ ವಾಲಿಸಿ. ಮೂರು ದಿನದಲ್ಲಿ ಮೂರೂ ಸಹಿ ಕೈಗೆ ಕೂತುಬಿಟ್ಟವು. ಒಂದು ದಿನವೂ ಬಾಲ ಉದ್ದವಾಗಲಿಲ್ಲ. ಮೂವತ್ತು ದಿನ, ದಿನಕ್ಕೆ ಮೂರು, ಒಟ್ಟು ತೊಂಬತ್ತು ಸಹಿ. ಪತ್ರಿಕೆಯಲ್ಲಿ ಸತ್ತವರ ಇನಿಷಿಯಲ್ ತಪ್ಪಿದರೆ ನಿದ್ದೆ ಬಾರದಿದ್ದವಳು ಬದುಕಿರುವ ಮೂವರನ್ನು ದಿನವೂ ಅವರಿಲ್ಲದ ಜಾಗದಲ್ಲಿ ಹಾಜರುಪಡಿಸಿ, ಹಾಯಾಗಿ ಬನ್ನು ತಿಂದೆ.

ಲಿನ್ ಟೀಚರಿಗೆ ಕಾಣುತ್ತಿರಲಿಲ್ಲವೇ? ಮುಂದಿನ ಸಾಲಿನ ಮೂರು ಕುರ್ಚಿ ಖಾಲಿ, ಪುಸ್ತಕದಲ್ಲಿ ಮೂರು ಸಹಿ ಭರ್ತಿ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಫೋಟೊಗೆ ಮಾತ್ರ ಹಿಂದಿನ ಸಾಲಿನಿಂದ ಯಾರನ್ನೂ ಕರೆಯದೆ, ಕುರ್ಚಿಗಳನ್ನೇ ತೆಗೆಸಿಬಿಡುತ್ತಿದ್ದರು.

ಪೆನೀನಾಳ ಕಷ್ಟ ಬೇರೆ. ಅಂಗಡಿಯ ಷಟರಿನ ಕೀಲಿ ಅವಳ ಹತ್ತಿರ. ಏಳೂವರೆಗೆ ತೆರೆದು, ಗುಡಿಸಿ, ಶೇಠ್‌ಜಿ ಬರುವ ತನಕ ಕಾಯಬೇಕು. ಶೇಠ್‌ಜಿ ಮನೆಯಲ್ಲಿ ಪೂಜೆ ಮುಗಿಸದೆ ಹೊರಡುವವರಲ್ಲ. ದೇವರು ಬೇಗ ಒಲಿದ ದಿನ ಎಂಟಕ್ಕೆ ಬರುತ್ತಿದ್ದರು, ಅವಳು ಓಡಿ ಮಟಾಟು ವ್ಯಾನು ಹಿಡಿದು, ಮ್ಯೂಸಿಯಂ ಗುಡ್ಡದ ಟ್ರಾಫಿಕ್ ದಾಟಿ, ಎಂಟೂವರೆಗೆ ಒಳಗಿರುತ್ತಿದ್ದಳು. ಏಕಾದಶಿ, ಶ್ರಾವಣ ಸೋಮವಾರ ಎಂದು ಪೂಜೆ ಉದ್ದವಾದ ದಿನ ಎಂಟು ನಲವತ್ತೈದು. ಏದುಸಿರು ಬಿಡುತ್ತ ಬಂದು, ಮುಚ್ಚಿದ ಪುಸ್ತಕ ನೋಡಿ, ಸುಮ್ಮನೆ ಹಿಂದೆ ಹೋಗಿ ಕೂರುತ್ತಿದ್ದಳು. ಮೂವತ್ತು ದಿನದಲ್ಲಿ ಹನ್ನೊಂದು ಕೆಂಪು ಸುತ್ತು. ಹತ್ತಿರದಲ್ಲಿ ಕುಳಿತು ಕೇಳಿದವಳಾಗಿ ಹೇಳುತ್ತೇನೆ, ಆ ಕೋಣೆಯಲ್ಲಿ ಟೇಪಿನ ಹೆಂಗಸಿನ ಹಾಗೆ ಮಾತಾಡಬಲ್ಲವಳು ಅವಳೊಬ್ಬಳೇ.

ನನಗೆ ಹೆದರಿಕೆ ಇರಲಿಲ್ಲ. ಗಂಡಸರು ಪರೀಕ್ಷೆಯಲ್ಲಿ ಬಿದ್ದೇ ಬೀಳುತ್ತಾರೆ, ಹಾಜರಿಯ ಅರವತ್ತು ಇಟ್ಟುಕೊಂಡು ಏನು ಮಾಡುತ್ತಾರೆ ಎಂದು ಅಂದುಕೊಂಡಿದ್ದೆ. ಆದರೆ ಪರೀಕ್ಷೆಯ ಮುಂಚಿನ ದಿನ ಕೇಂದ್ರದವರು 'ಅಭ್ಯಾಸಕ್ಕಾಗಿ' ಒಂದು ಪ್ರಶ್ನೆಪತ್ರಿಕೆ ಹಂಚಿದರು. ನಲವತ್ತು ಪ್ರಶ್ನೆ, ಸರಿಯುತ್ತರಕ್ಕೆ ಗುರುತು ಹಾಕುವುದು. ರಾಯರಿಗೆ ವಾಸನೆ ಬಡಿಯಿತು. "ಇದೇ ಬರುತ್ತೆ ಮೇಡಂ, ಬರೆದಿಟ್ಕೊಳಿ" ಎಂದು ಅದರ ನೆರಳಚ್ಚು ತರಿಸಿಕೊಂಡು, ಮೂವರೂ ಉತ್ತರಗಳ ಕ್ರಮವನ್ನು ಮಾತ್ರ ಬಾಯಿಪಾಠ ಮಾಡಿದರು. ಅದೇ ಬಂತು. ನಮ್ಮ ಎಂಜಿನಿಯರಿಂಗ್ ಶಿಕ್ಷಣವನ್ನು ಹೀಯಾಳಿಸುವ ಮುನ್ನ ಎರಡು ಸಲ ಯೋಚಿಸಿ. ಅದು ಯಾವ ದೇಶದಲ್ಲಾದರೂ ಕೆಲಸಕ್ಕೆ ಬರುತ್ತದೆ. ಆ ದಿನವೂ ಅವರು ಬರುವ ಮೊದಲೇ ನಾನು ಹೋಗಿ ಮೂವರ ಸಹಿ ಹಾಕಿಬಿಟ್ಟಿದ್ದೆ. ಕೊನೆಯ ದಿನ ಅವರೇ ಹಾಕಿದರೆ ಹಿಂದಿನವಕ್ಕೆ ಹೊಂದಬೇಕಲ್ಲ.

ಸೋಮವಾರ ಪಟ್ಟಿ ಹಾಕಿದರು. ಒಂದು, ಪ್ರಹ್ಲಾದ ರಾವ್. ಎರಡು, ನಾನು, ಪ್ರಶ್ನೆಪತ್ರಿಕೆಯಲ್ಲೇ ಇದ್ದ ಒಂದು ತಪ್ಪನ್ನು ತಿದ್ದಲು ಹೋಗಿ ರಾಯರಿಗಿಂತ ಒಂದು ಅಂಕ ಕಳೆದುಕೊಂಡಿದ್ದೆ. ಮೂರು, ನಾಗರಾಜ್. ನಾಲ್ಕು, ಶೆಟ್ಟರು. ಐದು, ಪೆನೀನಾ, ಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತು, ಹಾಜರಿಯಲ್ಲಿ ಹನ್ನೊಂದು ಸುತ್ತು. ಅವಳು ಪಟ್ಟಿಯ ಮುಂದೆ ನಿಂತು ಬೆರಳಿನಿಂದ ಮೇಲಿಂದ ಕೆಳಗೆ ಒಂದೊಂದೇ ಹೆಸರು ಮುಟ್ಟಿದಳು. ಐದನೆಯದಕ್ಕೆ ಬಂದು ಬೆರಳು ತೆಗೆದಳು.

"ಸವಾ" ಎಂದಳು. ಸರಿ, ಅಷ್ಟೇ. ನನ್ನ ಕಡೆ ನೋಡಲಿಲ್ಲ.

ಮರುದಿನ ನಾನು ಲಿನ್ ಟೀಚರ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲ ಹೇಳಿದೆ. ಅವರು ಫ್ಲಾಸ್ಕಿನಿಂದ ನೀರು ಬಗ್ಗಿಸಿ ಕೊಟ್ಟು, ಹರಕು ಇಂಗ್ಲಿಷಿನಲ್ಲಿ ಕೇಳಿದರು.

"ನೀವು ಪತ್ರಿಕೆಯವರು. ಪತ್ರಿಕೆಯಲ್ಲಿ ತಪ್ಪಾದರೆ ಏನು ಮಾಡುತ್ತೀರಿ?"

"ತಿದ್ದುಪಡಿ ಹಾಕುತ್ತೇವೆ."

"ಎಲ್ಲಿ?"

"ಒಳಪುಟದಲ್ಲಿ. ಕೆಳಗೆ. ಸಣ್ಣ ಅಕ್ಷರದಲ್ಲಿ."

"ನಮ್ಮಲ್ಲಿ ಒಳಪುಟ ಇಲ್ಲ" ಎಂದರು. ಹಾಜರಿ ಸುಳ್ಳೆಂದು ಬರೆದುಕೊಟ್ಟರೆ ಇಡೀ ಶಿಬಿರ ಸುಳ್ಳಾಗುತ್ತದೆ, ನಲವತ್ತು ಜನರ ಪ್ರಮಾಣಪತ್ರವೂ ಹೋಗುತ್ತದೆ, ಪೆನೀನಾಳದೂ ಸೇರಿ. ತಮ್ಮನ್ನು ಊರಿಗೆ ಮೊದಲ ವಿಮಾನಕ್ಕೆ ಹತ್ತಿಸುತ್ತಾರೆ. ಇನ್ನೊಂದು ದಾರಿ ಇದೆ. ಮೇಲಿನ ನಾಲ್ವರೂ ಸೀಟು ಬೇಡವೆಂದು ಸಹಿ ಮಾಡಿದ ಪತ್ರ ಕೊಟ್ಟರೆ ಐದನೆಯವರಿಗೆ ಹೋಗುತ್ತದೆ. ಶುಕ್ರವಾರ ಸಮಾರೋಪ, ಮಧ್ಯಾಹ್ನ ಹನ್ನೆರಡರ ಒಳಗೆ ಕೊಡಬೇಕು. ಇಲ್ಲದಿದ್ದರೆ ಸೀಟು ಬೇರೆ ಊರಿನ ಕೇಂದ್ರಕ್ಕೆ.

ನನ್ನ ಪತ್ರವನ್ನು ಅಲ್ಲೇ ಬರೆದುಕೊಟ್ಟೆ. ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ನಿಲ್ಲಲಿಲ್ಲ ಎಂದರೆ ಅದೂ ಒಂದು ಸುಳ್ಳು ಹಾಜರಿಯಾಗುತ್ತದೆ. ಒಂದು ವರ್ಷ, ನನ್ನ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದಿಲ್ಲದ ಒಂದು ವರ್ಷ. ಆಮೇಲೆ ಬರೆದೆ.

ರಾಯರಿಗೆ ಫೋನಿನಲ್ಲಿ ವಿಷಯ ಹೇಳಿದರೆ ಅವರ ಕಿವಿಗೆ ಬಿದ್ದದ್ದು ಒಂದೇ ಪದ.

"ಫಸ್ಟ್ ರ‍್ಯಾಂಕಾ! ಏ ಕೇಳೇ ಇವ್ಳೇ, ಚೈನೀಸಲ್ಲಿ ನಾನು ಫಸ್ಟ್ ರ‍್ಯಾಂಕಂತೆ!"

"ರಾಯರೇ, ಸೀಟು ಬೇಡ ಅಂತ ಪತ್ರ ಕೊಡಬೇಕು."

"ಕೊಡೋಣ, ಕೊಡೋಣ. ಮೊದ್ಲು ಶುಕ್ರವಾರ ಸ್ಟೇಜ್ ಮೇಲೆ ನನ್ನೆಸ್ರು ಕರೀಲಿ. ಎಂಡಿನೂ ಬರ್ತಾರೆ. ಆಮೇಲೆ ಬೇಡ ಅಂದ್ರಾಯ್ತು."

"ಆಮೇಲೆ ಆಗಲ್ಲ. ಆ ಹುಡುಗಿ ಸೀಟು ಹೋಗತ್ತೆ."

"ಯಾವ್ ಹುಡ್ಗಿ? ಓ, ಆ ಅಂಗಡಿಯವ್ಳಾ? ಅಯ್ಯೋ ಮೇಡಂ, ಅವ್ರಿಗೆಲ್ಲ ಇನ್ನೊಂದು ಏನಾದ್ರೂ ಸಿಗುತ್ತೆ ಬಿಡಿ."

ಗುರುವಾರ ನಾನೇ ಪತ್ರಗಳನ್ನು ಟೈಪು ಮಾಡಿಸಿಕೊಂಡು ಕಾರ್ಖಾನೆಗೆ ಹೋದೆ. ನಾಗರಾಜ್ ಮತ್ತು ಶೆಟ್ಟರು ಓದದೆಯೇ ಸಹಿ ಮಾಡಿದರು. ರಾಯರು ಕುರ್ಚಿ ತಿರುಗಿಸುತ್ತ ಕುಳಿತರು. ತೊಂಬತ್ತು ಸಹಿ ಯಾರ ಕೈಯದೆಂದು ಈಗಲೇ ಎಂಡಿಯ ಕೋಣೆಗೆ ಹೋಗಿ ಹೇಳುತ್ತೇನೆ ಎಂದೆ. ಕುರ್ಚಿ ನಿಂತಿತು. "ಏನ್ ಮೇಡಂ, ಇಷ್ಟು ಸೀರಿಯಸ್ಸಾಗ್ತೀರಿ" ಎಂದು ಪೆನ್ನು ತೆಗೆದು, ಪತ್ರದ ಕೆಳಗೆ ದುಂಡಗೆ, ಚಂದವಾಗಿ, ಕನ್ನಡದಲ್ಲಿ ಸಹಿ ಮಾಡಿದರು.

ನಾನು ನೋಡುತ್ತ ನಿಂತೆ. ರಾಯರು ಕನ್ನಡಾಭಿಮಾನಿ; ಬ್ಯಾಂಕಿನಲ್ಲೂ ಪಾಸ್‌ಪೋರ್ಟಿನಲ್ಲೂ ಅವರದು ಕನ್ನಡದ ಸಹಿ. ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದರು. ಅವರ ಭಾಷಣಕ್ಕೆ ಕಿವಿಗೊಡುವ ಅಭ್ಯಾಸ ನನಗಿರಲಿಲ್ಲ. ಮುಖ ನೋಡಿ ಕೈಬರಹ ಹೇಳುವ ಜಾಣೆ, ಮೂವತ್ತು ದಿನ ಅವರಿಗೆ ಇಂಗ್ಲಿಷ್ 'ಪಿ' ಬರೆದು ಬಾಲ ಎಳೆದಿದ್ದೆ.

ಶುಕ್ರವಾರ ಹತ್ತೂವರೆಗೆ ನಿರ್ದೇಶಕರ ಮೇಜಿನ ಮೇಲೆ ನಾಲ್ಕು ಪತ್ರ, ಪಕ್ಕದಲ್ಲಿ ಹಾಜರಿ ಪುಸ್ತಕ. ಅವರು ಒಂದೊಂದನ್ನೇ ಹೋಲಿಸಿದರು. ನನ್ನದು ಸರಿಹೋಯಿತು. ಉಳಿದ ಮೂರೂ ಹೊಂದಲಿಲ್ಲ. ನಾಗರಾಜರ ನಿಜವಾದ ಸಹಿ ಎರೆಹುಳುವಿನಂಥ ಒಂದು ಗೆರೆ, ಶೆಟ್ಟರದು ಎರಡು ಇನಿಷಿಯಲ್. ಕೊನೆಗೆ ರಾಯರ ಪತ್ರವನ್ನು ಎತ್ತಿ, ಉಲ್ಟಾ ತಿರುಗಿಸಿ ನೋಡಿ, ಮತ್ತೆ ನೆಟ್ಟಗೆ ಹಿಡಿದರು.

"ಇದು ಅಕ್ಷರವೇ?" ಎಂದು ಕೇಳಿದರು. ಬೇಲಿಯ ಮೇಲೆ ಬೇಲಿ ಹೆಣೆದಂಥ ಲಿಪಿಯನ್ನು ಆರು ವಾರ ನಮ್ಮಿಂದ ತಿದ್ದಿಸಿದವರು ಕೇಳಿದ ಪ್ರಶ್ನೆ ಇದು. ಆಮೇಲೆ, "ಇದು ಯಾರ ಸಹಿ?"

'ಅವರದೇ' ಎಂದು ಹೇಳಬಹುದಿತ್ತು. ಒಂದು ಪದ. ಹೇಳಿದರೆ ಪುಸ್ತಕದಲ್ಲಿರುವುದು ಯಾರದು ಎಂಬುದು ಮುಂದಿನ ಪ್ರಶ್ನೆ. ಲಿನ್ ಟೀಚರ್ ಕಿಟಕಿಯಾಚೆ ನೋಡುತ್ತಿದ್ದರು.

"ಪುಸ್ತಕದಲ್ಲಿರುವ ಸಹಿ ಬೇಕು. ಹನ್ನೆರಡರ ಒಳಗೆ" ಎಂದು ನಿರ್ದೇಶಕರು ಮೂರೂ ಪತ್ರಗಳನ್ನು ಮರಳಿಸಿದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಪತ್ರದ ಖಾಲಿ ಪ್ರತಿಗಳು ಚೀಲದಲ್ಲಿದ್ದವು. ಹೆಚ್ಚುವರಿ ಪ್ರತಿ ಇಟ್ಟುಕೊಳ್ಳುವುದು ನನ್ನ ಕಸುಬಿನ ಅಭ್ಯಾಸ. ಬೆಂಚಿನ ಆ ತುದಿಯಲ್ಲಿ ಪೆನೀನಾ ಕುಳಿತಿದ್ದಳು, ಸಮಾರೋಪಕ್ಕೆಂದು ಇಸ್ತ್ರಿ ಮಾಡಿದ ಕೋಟು ತೊಟ್ಟು. ಅವತ್ತು ಶೇಠ್‌ಜಿಯ ಪೂಜೆ ಬೇಗ ಮುಗಿದಿರಬೇಕು. ಅವಳಿಗೆ ಪತ್ರಗಳ ವಿಷಯ ಟೀಚರಿಂದ ಗೊತ್ತಿತ್ತು. ನಾನು ನಾಗರಾಜರದನ್ನು ಹಾಕಿದೆ, ಶೆಟ್ಟರದನ್ನು ವಾಲಿಸಿದೆ, ಮೂರನೆಯ ಪ್ರತಿಯನ್ನು ತೊಡೆಯ ಮೇಲೆಳೆದು ನೀಲಿ ಪೆನ್ನು ಊರಿದೆ.

"ಅದಲ್ಲ, ಮಾಮಾ."

ತಲೆಯೆತ್ತಿದೆ. ಅವಳು ತನ್ನ ಚೀಲದಿಂದ ಒಂದು ಪೆನ್ನು ತೆಗೆದು ನನ್ನತ್ತ ಚಾಚಿದ್ದಳು.

"ಮಿಸ್ಟರ್ ರಾವ್ ಅವರದು ಕಪ್ಪು."

ಪೆನ್ನು ತೆಗೆದುಕೊಂಡೆ. "ಗೊತ್ತಿತ್ತಾ?" ಎಂದು ಕೇಳಿದೆ.

"ನಿಮ್ಮ ಹಿಂದೆಯೇ ಕೂರ್ತಿದ್ದೆ. ನನ್ನ ಸಹಿಗೆ ಸಾಲಿನಲ್ಲಿ ನಿಂತರೆ ನಿಮ್ಮದು ಮುಗಿಯೋದೇ ಇಲ್ಲ. ಎರಡು ದಿನ ನೀವು ಪೆನ್ನು ಬದಲಾಯಿಸ್ತಾ ಇರುವಾಗಲೇ ಎಂಟು ನಲವತ್ತಾಯ್ತು."

"ಯಾಕೆ ಹೇಳಲಿಲ್ಲ?"

"ಯಾರಿಗೆ?" ಎಂದಳು. ಗೋಡೆಯ ಮೇಲೆ ಆರು ವಾರದ ಫೋಟೊಗಳನ್ನು ಸಾಲಾಗಿ ಅಂಟಿಸಿದ್ದರು. ಅವಳು ಅದರತ್ತ ಗಲ್ಲ ತೋರಿಸಿದಳು. ಎಲ್ಲದರಲ್ಲೂ ಮುಂದೆ ನಾನು, ಬೀಸಣಿಗೆ ಸಮೇತ. "ಹಾಕಿ ಮಾಮಾ, ಹೊತ್ತಾಯ್ತು."

ಹಾಕಿದೆ. ತೊಂಬತ್ತಮೂರನೆಯದು. ಅವಳು ಬಾಗಿ, ಅಂಗಡಿಯಲ್ಲಿ ಫ್ಲಾಸ್ಕಿನ ಬಿರುಕು ನೋಡುವಂತೆ ನೋಡಿ, "ಬಾಲ ಸರಿಯಾಗಿದೆ" ಎಂದಳು. ಹನ್ನೊಂದೂವರೆಗೆ ನಿರ್ದೇಶಕರು ಹೋಲಿಸಿ, ತಲೆಯಾಡಿಸಿ, ಮುದ್ರೆ ಒತ್ತಿದರು. ರಾಯರು ಸ್ವಹಸ್ತದಿಂದ ಮಾಡಿದ ಸಹಿ ಕಸದ ಬುಟ್ಟಿಗೆ ಬಿತ್ತು. ಯಾವ ಕಡತದಲ್ಲಿ ನೋಡಿದರೂ ಇವತ್ತಿಗೂ ನಾನು ಬರೆದದ್ದೇ ಅವರ ಸಹಿ.

ಸೆಪ್ಟೆಂಬರಿನಲ್ಲಿ ಅವಳು ಹೊರಡುವ ಮುಂಚೆ ನ್ಗಾರಾದ ಅಂಗಡಿಗೆ ಹೋಗಿ ಒಂದು ಉಣ್ಣೆಯ ಸ್ವೆಟರ್ ಕೊಟ್ಟೆ. ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದು ತೆಗೆದುಕೊಂಡಳು. ನಾನು ಇನ್ನೂ ಏನೋ ಹೇಳಲಿಕ್ಕೆ ನಿಂತಿದ್ದೆ. ಕ್ಷಮೆ ಕೇಳಲು ಬಂದವರು ಎದುರಿನವರಿಂದ ಸಮಾಧಾನದ ಮಾತು ಕೇಳಿಕೊಂಡು ಹೋಗಲು ನಿಲ್ಲುತ್ತಾರಲ್ಲ, ಹಾಗೆ. ಅವಳು ಸ್ವೆಟರನ್ನು ಮಡಚಿ ಕವರಿಗೆ ಹಾಕುತ್ತ ನಕ್ಕಳು.

"ಅಲ್ಲಿ ನನ್ನ ಸಹಿ ನಾನೇ ಹಾಕ್ತೇನೆ. ನೀವು ಚಿಂತೆ ಮಾಡಬೇಡಿ, ಮಾಮಾ."

ಕೆಲವು ವರ್ಷಗಳ ನಂತರ ಶೇಠ್‌ಜಿ ಗೊಣಗಿದ್ದನ್ನು ಕೇಳಿದೆ: ಷಟರ್ ತೆಗೆಯುತ್ತಿದ್ದವಳು ಈಗ ತನಗೇ ಮಾಲು ಮಾರಲು ಬರುತ್ತಾಳಂತೆ, ಪೂಜೆ ಮುಗಿಯುವ ತನಕ ಕಾಯುವುದಿಲ್ಲವಂತೆ. ಅವಳ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ. ರಾಯರ ಬಗ್ಗೆ ಮಾತ್ರ ಎಲ್ಲರಿಗೂ ಗೊತ್ತು. ಪ್ರತಿ ರಾಜ್ಯೋತ್ಸವದ ಊಟದಲ್ಲಿ ಅವರು ಹೇಳುತ್ತಾರೆ: ಚೀನೀ ಭಾಷೆಯಲ್ಲಿ ಮೊದಲ ರ‍್ಯಾಂಕ್ ಬಂದದ್ದು, ಒಬ್ಬ ಬಡ ಹುಡುಗಿಗಾಗಿ ಸೀಟು ತ್ಯಾಗ ಮಾಡಿದ್ದು. ಚಪ್ಪಾಳೆ ಬೀಳುತ್ತದೆ. ಕಾರ್ಖಾನೆಯಲ್ಲಿ ಆ ಯಂತ್ರ ಕೆಟ್ಟರೆ ಈಗಲೂ ಯಾರಿಗೂ ಕೈಪಿಡಿ ಓದಲು ಬರುವುದಿಲ್ಲ. ನಾನು ಎಷ್ಟೋ ವರ್ಷ ಆ ಊಟಗಳಲ್ಲಿ ಹೋಳಿಗೆ ಮುರಿಯುತ್ತ ಮನಸ್ಸಿನಲ್ಲೇ ಅವರನ್ನು ಹಂಗಿಸುತ್ತ ಕುಳಿತಿದ್ದೇನೆ. ತುಟಿ ಬಿಚ್ಚಿಲ್ಲ. ಬಿಚ್ಚಿದರೆ ಪೆನ್ನು ಯಾರ ಕೈಯಲ್ಲಿತ್ತು ಎಂಬಲ್ಲಿಗೆ ಮಾತು ಬರುತ್ತದೆ.

ಆಸ್ಕರಿ ಇನ್ನೂ ಕಾಯುತ್ತಿದ್ದಾನೆ. ನನ್ನ ಹೆಸರು ಬರೆದು ಸಹಿ ಹಾಕಿದೆ. ಕೆಳಗಿನ ಮೂರು ಸಾಲು ಖಾಲಿ. ಬಾಲದ 'ಪಿ' ನನ್ನ ಬೆರಳಿನಲ್ಲಿ ಇನ್ನೂ ಇತ್ತು, ಸುಳ್ಳು ಹೇಳುವುದಿಲ್ಲ. ಪೆನ್ನು ತಾನಾಗಿ ಆ ಸಾಲಿಗೆ ಇಳಿಯಿತು ಕೂಡ. ಪೆನ್ನು ಪುಸ್ತಕಕ್ಕೆ ಕಟ್ಟಿದ್ದರಿಂದ ಪುಸ್ತಕವನ್ನೇ ಎತ್ತಿಕೊಂಡು ಹೋಗಿ ಕಾರಿನ ಕಿಟಕಿಯೊಳಗೆ ಹಿಡಿದೆ.

"ಏನ್ ಮೇಡಂ, ನಾಲ್ಕ್ ಜನಕ್ಕೆ ನಾಲ್ಕ್ ಸಹಿನಾ? ಪೂಜೆ ಮುಗ್ದೇ ಹೋಗುತ್ತೆ" ಎಂದರು ರಾಯರು.

"ಅದಕ್ಕೇ, ಬೇಗ ಹಾಕಿ."

ಅವರ ಹೆಂಡತಿ ಅತ್ತ ತಿರುಗಿದರು. ನನ್ನ ಗಂಡ ನಗುವುದನ್ನು ನಿಲ್ಲಿಸಿ, ಇವಳಿಗೇನಾಯಿತು ಎಂಬಂತೆ ಕನ್ನಡಿಯಲ್ಲಿ ನೋಡಿದರು. ರಾಯರು ಕನ್ನಡಕ ಹುಡುಕಿ, ಮಡಿಲಿನ ಹಣ್ಣಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ದುಂಡಗೆ ಕನ್ನಡದಲ್ಲಿ ಸಹಿ ಮಾಡಿದರು. ಮತ್ತಿಬ್ಬರೂ ಮಾಡಿದರು. ಹಿಂದೆ ಎರಡು ಕಾರು ಹಾರನ್ ಹೊಡೆಯುತ್ತಿದ್ದವು.

ಆಸ್ಕರಿ ಪುಸ್ತಕ ತೆಗೆದುಕೊಂಡು ಎರಡನೆಯ ಸಾಲನ್ನು ನೋಡಿದ. ಪುಸ್ತಕ ತಿರುಗಿಸಿದ, ಮತ್ತೆ ನೆಟ್ಟಗೆ ಹಿಡಿದ.

"ಇದು ಯಾರ ಸಹಿ, ಮಾಮಾ?"

"ಅವರದೇ" ಎಂದೆ.